ಪುಣೆಯ ಕೇಳ್ಕರ್ ಮ್ಯೂಸಿಯಂ: ಸೊಲ್ಲಾಪುರದ ಕಡೆಯಿಂದ ಹೋಗುವವರು ಏನು ನೋಡಬೇಕು, ಹೇಗೆ ನೋಡಬೇಕು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ಹಳೆಯ ಉಡುಪು, ಮನೆಬಳಕೆಯ ಕುಸುರಿ ಸಾಮಾನು ನೋಡಬೇಕೆಂದರೆ ಪುಣೆಯ ಶುಕ್ರವಾರ ಪೇಠೆಗೆ, ಬಾಜೀರಾವ್ ರಸ್ತೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ದಿನಕರ ಗಂಗಾಧರ ಕೇಳ್ಕರ್ ಚಿಕ್ಕಂದಿನಲ್ಲೇ ತೀರಿಹೋದ ಮಗ ರಾಜಾನ ನೆನಪಿಗೆ ಇದನ್ನು ಕಟ್ಟಿ, 1975ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಸಂಗ್ರಹದಲ್ಲಿ ಸುಮಾರು 20,000 ವಸ್ತುಗಳಿವೆ, ನೋಡಲು ಇಟ್ಟಿರುವುದು ಅದರ ಒಂದು ಪಾಲು. ಅಷ್ಟನ್ನೂ ಒಂದೇ ದಿನ ನೋಡಲು ಹೋದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಬಟ್ಟೆ ಮತ್ತು ಲೋಹ, ಎರಡನ್ನೇ ಆರಿಸಿಕೊಳ್ಳಿ.

ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ ಹಿಡಿದರೆ ಮಧ್ಯಾಹ್ನದೊಳಗೆ ಬಾಗಿಲಲ್ಲಿರುತ್ತೀರಿ. ಹಿಂದಿನ ದಿನವೇ ಫೋನ್ ಮಾಡಿ ರಜೆ, ಟಿಕೆಟ್ ದರ, ಫೋಟೋ ನಿಯಮ ಕೇಳಿಕೊಳ್ಳಿ. ಕಟ್ಟಡ ಹಳೆಯದು, ಮೆಟ್ಟಿಲು ಹತ್ತಬೇಕು. ಮಂಡಿನೋವಿನ ಹಿರಿಯರಿದ್ದರೆ ಮೇಲಿನ ಮಹಡಿಯಲ್ಲಿ ಏನಿದೆ ಎಂದು ಟಿಕೆಟ್ ಕೌಂಟರಿನಲ್ಲೇ ಕೇಳಿ. ಹತ್ತಿರದ ಕನ್ನಡಕ, ಸಣ್ಣ ನೋಟ್‌ಬುಕ್, ಪೆನ್ಸಿಲ್ ಜೊತೆಗಿರಲಿ. ಪೆನ್ನಿನ ಶಾಯಿ ಬಟ್ಟೆಗೆ ತಗುಲಿದರೆ ಹೋಗುವುದಿಲ್ಲ. ಬಿಳಿ ಅಂಗಿ ಬೇಡ, ಗಾಜಿನಲ್ಲಿ ನಿಮ್ಮದೇ ನೆರಳು ಕಾಣುತ್ತದೆ.

ಕಣ್ಣು ದಣಿಯುವ ಮೊದಲು ಬಟ್ಟೆಯ ವಿಭಾಗಕ್ಕೆ ಹೋಗಿ. ಹಳೆಯ ಬಟ್ಟೆಗೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬಿಡಬಾರದೆಂಬುದು ವಸ್ತುಸಂಗ್ರಹಾಲಯಗಳ ರೂಢಿ. ಬೆಳಕಿಗೆ ಮಾಸಿದ ಬಣ್ಣ ಮರಳಿ ಬರುವುದಿಲ್ಲ, ಹಾನಿ ಸೇರುತ್ತಲೇ ಹೋಗುತ್ತದೆ. ಬಿಸಿಲಿನಿಂದ ಒಳಬಂದವರಿಗೆ ಎಲ್ಲವೂ ಕಪ್ಪಗೆ ಕಾಣುತ್ತದೆ. ಐದು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಮೊಬೈಲ್ ಟಾರ್ಚ್, ಫ್ಲಾಶ್ ಎರಡೂ ಬೇಡ.

ಸೀರೆಯ ಮುಂದೆ ನಿಂತಾಗ ಮೊದಲು ಸೆರಗು ಒಡಲಿಗೆ ಸೇರುವ ಜಾಗ ಹುಡುಕಿ. ಇಳಕಲ್ ಸೀರೆಯಾದರೆ ಸೆರಗಿನ ಹಾಸು (ಉದ್ದದ ಎಳೆಗಳು) ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಕೊಂಡಿಗೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ, ಇದೇ ತೋಪು ತೆನೆ. ಪೈಠಣಿಯಾದರೆ ಸೆರಗಿನಲ್ಲಿ ಬಣ್ಣ ಬದಲಾಗುವ ಅಂಚು ನೋಡಿ: ಹೊಕ್ಕಿನ (ಅಡ್ಡಡ್ಡ) ಎಳೆಗಳು ಅಲ್ಲೇ ಒಂದಕ್ಕೊಂದು ಸಿಕ್ಕಿಸಿಕೊಂಡಿರುತ್ತವೆ, ಹಿಂದೆ ಎಳೆ ಜೋತಾಡುವುದಿಲ್ಲ. ಜರಿಬುಟ್ಟಾದ ಎಷ್ಟೋ ಬಟ್ಟೆಗಳಲ್ಲಿ ಹಿಂಬದಿ ಎಳೆ ಸಡಿಲಾಗಿ ಜೋತಿರುತ್ತದೆ. ಸೆರಗು ಮಡಚಿಕೊಂಡಿರುವ ಕಡೆ ಬಗ್ಗಿ ನೋಡಿದರೆ ಈ ವ್ಯತ್ಯಾಸ ಕಾಣುತ್ತದೆ. ಮಗ್ಗದ ಸಪ್ಪಳ ಕೇಳಿ ಬೆಳೆದ ಸೊಲ್ಲಾಪುರದ ಮಂದಿಗೆ ಇದು ಬೇಗ ತಿಳಿಯುತ್ತದೆ. ಅವರು ಎದೆಮಟ್ಟದ ವಿನ್ಯಾಸವನ್ನಷ್ಟೇ ನೋಡಿ ಮುಂದೆ ಹೋಗುವುದು ದೊಡ್ಡ ನಷ್ಟ.

ಹೊಲಿದ ಅಂಗಿ, ನಿಲುವಂಗಿಗಳಲ್ಲಿ ಕಂಕುಳು ನೋಡಿ. ನೇರವಾಗಿ ಕತ್ತರಿಸಿದ ಬಟ್ಟೆಯಲ್ಲಿ ಕೈ ಎತ್ತಲು ಆಗಲೆಂದು ಅಲ್ಲೊಂದು ಚೌಕ ತುಂಡು ಸೇರಿಸುತ್ತಿದ್ದರು. ಬಟ್ಟೆ ಹಾಳಾಗದ ಲೆಕ್ಕಾಚಾರವೂ ಅದರಲ್ಲಿದೆ. ಹೊಲಿಗೆ ಯಂತ್ರದ್ದಾದರೆ ಬಟ್ಟೆ 19ನೇ ಶತಮಾನದ ನಡುವಿಗಿಂತ ಹಳೆಯದಿರುವುದು ಕಷ್ಟ. ಆದರೆ ಹಳೆಯ ಅಂಗಿಗೆ ಮುಂದೆಂದೋ ರಿಪೇರಿ ಆಗಿರಬಹುದು, ಒಂದೇ ಹೊಲಿಗೆ ನೋಡಿ ತೀರ್ಮಾನಿಸಬೇಡಿ. ಕಣ್ಣು ಕುಕ್ಕುವ ನೇರಳೆ, ಗುಲಾಬಿ ಕಂಡರೆ 1856ರ ನಂತರ ಬಂದ ರಾಸಾಯನಿಕ ಬಣ್ಣವಿರಬಹುದೇ ಎಂದು ಕೇಳಿ.

ಲೋಹದ ವಿಭಾಗದಲ್ಲಿ ಅಡಕತ್ತರಿಗಳ ಸಾಲು ಬಿಡಬೇಡಿ. ಆಕಾರಕ್ಕಿಂತ ಮೊದಲು ಕೀಲು ನೋಡಿ: ಎರಡು ಹಿಡಿ ಎಲ್ಲಿ ಕೂಡುತ್ತವೆ, ಅಡಿಕೆ ಕೂರುವ ಅಂತರ ಎಷ್ಟು. ಕಾಲು ಉಜ್ಜುವ ವಜ್ರಿಗಳಲ್ಲಿ ಉಜ್ಜುವ ತಳಕ್ಕೂ ಮೇಲೆ ಕೂತ ಬೊಂಬೆಗೂ ಇರುವ ಹೊಂದಿಕೆ ಗಮನಿಸಿ. ಬೀದರಿ ಕೆಲಸ ಕಂಡರೆ ಓರೆಯಾಗಿ ನಿಂತು ನೋಡಿ. ಸತುವು ಹೆಚ್ಚಿರುವ ಮಿಶ್ರಲೋಹವನ್ನು ಕಪ್ಪು ಮಾಡಿರುತ್ತಾರೆ, ಕೊರೆದು ಕೂರಿಸಿದ ಬೆಳ್ಳಿ ತಂತಿಯೋ ತಗಡೋ ಎಂಬುದು ಬೆಳಕು ಓರೆಯಾದಾಗ ಗೊತ್ತಾಗುತ್ತದೆ.

ಕೋತರೂಡಿನಿಂದ ತಂದು ಮರುಜೋಡಿಸಿದ, ಮೊದಲ ಬಾಜೀರಾವ್ ಪೇಶ್ವೆಯ ಮಡದಿ ಮಸ್ತಾನಿಯ ಮಹಲನ್ನು ಕೊನೆಗೆ ಇಟ್ಟುಕೊಳ್ಳಿ. ಸಂಜೆಯ ರೈಲಿದ್ದರೆ ಸ್ಟೇಷನ್ನಿಗೆ ಆಟೋದಲ್ಲಿ ಹೋಗಲು ಒಂದು ಗಂಟೆ ಮೀಸಲಿಡಿ. ಪೇಠೆಯ ರಸ್ತೆಗಳು ಆ ಹೊತ್ತಿಗೆ ತುಂಬಿರುತ್ತವೆ.