ಗೊಂಬೆ ಕೂರಿಸುವ ಮುನ್ನ ಸೀರಿಯಲ್ ಸೆಟ್ ಬಿಡಿಸಿ ನೋಡಿ

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಮೈಸೂರಿನ ಮನೆಗಳಲ್ಲಿ ಅಟ್ಟದಿಂದ ಎರಡು ವಸ್ತು ಕೆಳಗಿಳಿಯುತ್ತವೆ. ಒಂದು ಗೊಂಬೆಗಳ ಪೆಟ್ಟಿಗೆ, ಇನ್ನೊಂದು ಸೀರಿಯಲ್ ಸೆಟ್ ತುರುಕಿದ ಕವರು. ಗೊಂಬೆಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ಮಗುವಿನ ಹಾಗೆ ಇಟ್ಟಿರುತ್ತೇವೆ. ಸೀರಿಯಲ್ ಸೆಟ್ಟನ್ನು ಮಾತ್ರ ಉಂಡೆ ಮಾಡಿ ಎಸೆದಿರುತ್ತೇವೆ. ವರ್ಷವಿಡೀ ಅಟ್ಟದ ಸೆಕೆಯಲ್ಲಿ ಬಿದ್ದು ವೈರಿನ ಹೊದಿಕೆ ಬಿರುಕು ಬಿಟ್ಟಿರುತ್ತದೆ, ಇಲಿ ಹಲ್ಲು ಹಾಕಿರುತ್ತದೆ. ಹಗಲು ಬೆಳಕಿನಲ್ಲಿ, ಪ್ಲಗ್ ಹಾಕದೆ, ನೆಲದ ಮೇಲೆ ಉದ್ದಕ್ಕೆ ಹರಡಿ ಬೆರಳಲ್ಲಿ ಸವರುತ್ತಾ ಹೋಗಿ. ತಾಮ್ರ ಇಣುಕಿದರೆ, ಹೋಲ್ಡರ್ ಅಲುಗಾಡಿದರೆ ಬಿಸಾಡಿ. ಟೇಪು ಸುತ್ತಿ ಇನ್ನೊಂದು ವರ್ಷ ಎಳೆಯುವುದು ಬೇಡ.

ಇದನ್ನು ನಾನು ಕಲಿತದ್ದು ಭಯಪಟ್ಟು. ನಮ್ಮ ಮನೆಯಲ್ಲಿ ಗೊಂಬೆ ಮೆಟ್ಟಿಲು ಅಂದರೆ ತವರಿನಿಂದ ತಂದ ಕಬ್ಬಿಣದ ಟ್ರಂಕುಗಳೇ. ಒಂದರ ಮೇಲೊಂದು ಜೋಡಿಸಿ ಬಿಳಿ ಪಂಚೆ ಹೊದಿಸಿದರೆ ಆಯಿತು. ಆ ವರ್ಷ ಸೀರಿಯಲ್ ವೈರು ಜಾರಬಾರದೆಂದು ಪಂಚೆಗೆ ಸೇರಿಸಿ ಗುಂಡುಸೂಜಿ ಚುಚ್ಚಿದ್ದೆ. ದೀಪ ಚೆನ್ನಾಗಿಯೇ ಉರಿಯಿತು, ಫ್ಯೂಸು ಹೋಗಲಿಲ್ಲ. ಮಗಳು ಗೊಂಬೆಗಳ ಮುಂದೆ ಮಾಡಿದ ಪುಟ್ಟ ಪಾರ್ಕಿನ ರಾಗಿ ಪೈರಿಗೆ ನೀರು ಚಿಮುಕಿಸುತ್ತಾ ಬರಿ ನೆಲದ ಮೇಲೆ ಕೂತಿದ್ದವಳು, ಏಳುವಾಗ ಒದ್ದೆ ಕೈಯಲ್ಲಿ ಟ್ರಂಕಿನ ಹಿಡಿಯನ್ನು ಹಿಡಿದಳು. ಚೀರಿ ಹಿಂದಕ್ಕೆ ಬಿದ್ದಳು. ಕೈ ಅಂಟಿಕೊಳ್ಳದೆ ಬಿಟ್ಟುಹೋದದ್ದು ಚಾಮುಂಡಿ ತಾಯಿಯ ದಯೆ. ಮಾರನೇ ದಿನ ವೈರಿಂಗ್‌ನವರು ಬಂದು ಪಂಚೆ ಎತ್ತಿ, "ಅಮ್ಮಾವ್ರೇ, ಇಲ್ನೋಡಿ" ಅಂದರು. ಸೂಜಿ ವೈರನ್ನು ತೂರಿ, ಬಣ್ಣ ಹೋದ ಜಾಗದಲ್ಲಿ ಟ್ರಂಕಿಗೆ ತಾಗಿತ್ತು. ಮೂರು ಟ್ರಂಕಿಗೂ ಕರೆಂಟು ಹರಿದಿತ್ತು. ನೆಲಕ್ಕೆ ಹರಿಯಲು ದಾರಿ ಸಿಗುವವರೆಗೆ ಅದು ಸುಮ್ಮನೆ ಕಾದಿರುತ್ತದಂತೆ. ನನ್ನ ಮಗಳ ಒದ್ದೆ ಕೈಯೇ ಆ ದಾರಿಯಾಗಿತ್ತು.

ಅಂದಿನಿಂದ ನಮ್ಮಲ್ಲಿ ವೈರಿಗೆ ಸೂಜಿ, ಮೊಳೆ, ಕಬ್ಬಿಣದ ತಂತಿ ಯಾವುದೂ ಇಲ್ಲ. ಹತ್ತಿ ದಾರದಲ್ಲಿ ಸಡಿಲವಾಗಿ ಕಟ್ಟುತ್ತೇವೆ. ಪಾರ್ಕಿನ ಕೊಳದ ತಟ್ಟೆ ಒಂದು ಮೂಲೆಯಾದರೆ ದೀಪ ಇನ್ನೊಂದು ಮೂಲೆ. ಬಣ್ಣದ ಕಾಗದಕ್ಕೆ ಬಲ್ಬು ಒರಗದ ಹಾಗೆ ನೋಡಿಕೊಳ್ಳುತ್ತೇವೆ.

ಬಲ್ಬು ಅಕ್ಕಿಕಾಳಿನಷ್ಟಿದೆ, ಅದರಲ್ಲೇನು ಶಾಕ್ ಹೊಡೆದೀತು ಎಂದು ಕೇಳುತ್ತಾರೆ. ನೇರ ಪ್ಲಗ್ಗಿಗೆ ಹಾಕುವ ಅಗ್ಗದ ಎಲ್‌ಇಡಿ ಸರದ ವೈರಿನಲ್ಲಿ ಹರಿಯುವುದು ಮಿಕ್ಸಿಗೆ ಬರುವ 230 ವೋಲ್ಟೇ. ಮಿಣುಕುವ ರೀತಿ ಬದಲಾಯಿಸುವ ಗುಂಡಿಯಿರುವ ಪುಟ್ಟ ಡಬ್ಬಿಯನ್ನು ಅಡಾಪ್ಟರ್ ಅಂದುಕೊಳ್ಳಬೇಡಿ, ಅದು ವೋಲ್ಟೇಜ್ ತಗ್ಗಿಸುವುದಿಲ್ಲ. ಮಕ್ಕಳಿರುವ ಮನೆಯವರು ಸ್ವಲ್ಪ ದುಡ್ಡು ಹೆಚ್ಚಾದರೂ ಅಡಾಪ್ಟರ್ ಇರುವ 12 ಅಥವಾ 24 ವೋಲ್ಟಿನ ಸೆಟ್ಟನ್ನೇ ಕೇಳಿ ತನ್ನಿ.

ಹಳೇ ಬಲ್ಬಿನ ಸರ ಇನ್ನೂ ಇಟ್ಟುಕೊಂಡಿರುವವರಿಗೆ ಒಂದು ಮಾತು. 30 ಬಲ್ಬಿನ ಸರವಾದರೆ ಒಂದೊಂದಕ್ಕೂ ಏಳೆಂಟು ವೋಲ್ಟ್ ಹಂಚಿಕೆಯಾಗುತ್ತದೆ. ಒಂದು ಬಲ್ಬು ಹೋದರೆ ಇಡೀ ಸರ ಆರುತ್ತದೆ, ಆದರೆ ಪ್ಲಗ್ಗಿನಲ್ಲಿರುವಾಗ ಆ ಒಂದು ಹೋಲ್ಡರಿನ ಎರಡು ಕಡ್ಡಿಗಳ ನಡುವೆ ಪೂರ್ತಿ 230 ವೋಲ್ಟ್ ನಿಂತಿರುತ್ತದೆ. ಆರಿದೆಯಲ್ಲ ಎಂದು ಬೆರಳು ಹಾಕಿದವರು ಎಷ್ಟೋ ಜನ. ಹೋದ ಬಲ್ಬನ್ನು ಕಿತ್ತು ಎರಡು ವೈರನ್ನು ತಿರುಚಿ ಸೇರಿಸುವುದೂ ತಪ್ಪು, ಉಳಿದವುಗಳ ಮೇಲೆ ಭಾರ ಬಿದ್ದು ಅವು ಕಾಯುತ್ತವೆ.

ಬರಿ ವೈರನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಂದು ಪ್ಲಗ್ ತರಲು ಹತ್ತು ನಿಮಿಷ ಸಾಕು.

ಹೊರಗಿನ ದೀಪದ ವಿಷಯದಲ್ಲಿ ನನಗೆ ಹೆಚ್ಚು ಹೆದರಿಕೆ ಕಬ್ಬಿಣದ ಗೇಟು, ಗ್ರಿಲ್ಲು, ತಾರಸಿಯ ಬಟ್ಟೆ ಒಣಗಿಸುವ ತಂತಿಯದು. ದಸರಾ, ದೀಪಾವಳಿ ಎರಡೂ ನಮ್ಮಲ್ಲಿ ಮಳೆಯ ಕಾಲ. ಗಾಳಿಗೆ ವೈರು ಉಜ್ಜಿ ಉಜ್ಜಿ ಸವೆಯುತ್ತದೆ, ರಾತ್ರಿ ಹನಿ ಬೀಳುತ್ತದೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಬರಿಗಾಲಲ್ಲಿ ಬಂದವರು ಗೇಟು ಹಿಡಿಯುತ್ತಾರೆ. ಬಾಳೆಕಂದು, ಮಾವಿನ ತೋರಣಕ್ಕೂ ವೈರು ಸುತ್ತಬೇಡಿ, ಹಸಿ ಗಿಡ ಕರೆಂಟು ಹರಿಸುತ್ತದೆ. ಗೋಡೆಗೆ ಪ್ಲಾಸ್ಟಿಕ್ ಕ್ಲಿಪ್ ಹಾಕಿಸಿ, ಪ್ಲಗ್ ಮನೆಯೊಳಗೇ ಇರಲಿ. ಕಿಟಕಿಯಿಂದ ಒಳಗೆ ಬರುವ ಮುಂಚೆ ವೈರನ್ನು ಒಂದು ಗೇಣು ಕೆಳಗೆ ಜೋತುಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹರಿದು ಬರುವುದಿಲ್ಲ. ಮನೆ ಮುಂದೆ ವಿದ್ಯುತ್ ಲೈನ್ ಹಾದಿದ್ದರೆ ಆ ಕಡೆ ಅಲ್ಯೂಮಿನಿಯಂ ಏಣಿ ತರಲೇಬೇಡಿ.

ಬೋರ್ಡಿನಲ್ಲಿ ಎಂಸಿಬಿ ಸ್ವಿಚ್ಚಿದೆ, ಕರೆಂಟು ಹೆಚ್ಚಾದರೆ ತಾನೇ ಬೀಳುತ್ತದೆ ಎಂಬ ಧೈರ್ಯವೂ ಬೇಡ. ಅದು ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಆರೋ ಹತ್ತೋ ಆಂಪಿಯರ್ ಮೀರಿದಾಗ ಬೀಳುವಂಥದ್ದು. ಪ್ರಾಣ ಹೋಗಲು ಅದರ ನೂರರಲ್ಲೊಂದು ಪಾಲು ಸಾಕು. ಮನುಷ್ಯರನ್ನು ಕಾಯಲು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ನೆಲಕ್ಕೆ ಸೋರಿದೊಡನೆ ಬೀಳುವ ಸ್ವಿಚ್ಚು, ಬೇಕು. ಇದ್ದವರು ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಹಬ್ಬಕ್ಕೆ ಮುಂಚೆ ಒಮ್ಮೆ ಒತ್ತಿ. ತಕ್ಷಣ ಬೀಳದಿದ್ದರೆ ಬದಲಾಯಿಸಿ. ಅಗ್ರಹಾರ, ಲಕ್ಷ್ಮೀಪುರಂ ಕಡೆಯ ಹಳೇ ಮನೆಗಳವರು ಅರ್ತಿಂಗ್ ಇದೆಯೋ ಇಲ್ಲವೋ ಅದನ್ನೂ ಒಮ್ಮೆ ನೋಡಿಸಿ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೇನ್ ಸ್ವಿಚ್ ಆಫ್ ಮಾಡಿ. ಅದು ದೂರವಿದ್ದರೆ ಒಣಗಿದ ಮಣೆಯ ಮೇಲೆ ನಿಂತು ಒಣ ಕೋಲಿನಲ್ಲಿ ವೈರನ್ನು ತಳ್ಳಿ, ಆಮೇಲೆ 108ಕ್ಕೆ ಕರೆ ಮಾಡಿ. ಎದ್ದು ಮಾತಾಡಿದರೂ ವೈದ್ಯರಿಗೆ ತೋರಿಸಿ. ಬೀದಿಯ ಲೈನ್ ಹರಿದು ಬಿದ್ದಿದ್ದರೆ ಇದ್ಯಾವುದೂ ನಿಮ್ಮ ಕೆಲಸವಲ್ಲ. ದೂರ ನಿಂತು, ಬೇರೆಯವರನ್ನೂ ತಡೆದು, ವಿದ್ಯುತ್ ಕಂಪನಿಯ 1912ಕ್ಕೆ ತಿಳಿಸಿ.

ಅರಮನೆ ದೀಪ, ಬನ್ನಿಮಂಟಪದ ಪಂಜಿನ ಕವಾಯತು ನೋಡಲು ಮನೆಮಂದಿಯೆಲ್ಲ ಹೊರಟಾಗ ಸ್ವಿಚ್ ಆರಿಸಿ ಸುಮ್ಮನಾಗದೆ ಪ್ಲಗ್ಗನ್ನೇ ಕಿತ್ತಿಡಿ. ವಿಜಯದಶಮಿಯ ರಾತ್ರಿ ಗೊಂಬೆ ಮಲಗಿಸಿದ ಮೇಲೆ ಸರವನ್ನು ಉಂಡೆ ಮಾಡದೆ ಒಂದು ರಟ್ಟಿಗೆ ಸುತ್ತಿ, ಅಟ್ಟಕ್ಕೆ ಹಾಕದೆ ಬೀರುವಿನ ಕೆಳಗಿನ ಖಾನೆಯಲ್ಲಿಡಿ. ಮೂರು ವಾರದಲ್ಲಿ ದೀಪಾವಳಿಗೆ ಮತ್ತೆ ಬೇಕಾಗುತ್ತದೆ, ಆಗಲೂ ಒಮ್ಮೆ ಬೆರಳಲ್ಲಿ ಸವರಿ ನೋಡಿ.