ಮಗುವಿನ ಜ್ವರಕ್ಕೆ ಪ್ಯಾರಾಸಿಟಮಾಲ್: ಕೊಡುವ ಮುನ್ನ ಬಾಟಲಿ ಓದಿ

ವೈದ್ಯರ ಚೀಟಿಯಿಲ್ಲದೆಯೂ ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ಯಾರಾಸಿಟಮಾಲ್, ಪ್ರಮಾಣ ಸರಿಯಿದ್ದರೆ ಮಕ್ಕಳಿಗೆ ಸುರಕ್ಷಿತವಾದ ಔಷಧ. ಮಿತಿ ಮೀರಿದರೆ ಅದೇ ಔಷಧ ಯಕೃತ್ತನ್ನು ಕೆಡಿಸುತ್ತದೆ. ಮನೆಗಳಲ್ಲಿ ಪ್ರಮಾಣ ತಪ್ಪುವುದು ಹೆಚ್ಚಾಗಿ ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದದೇ ಇರುವುದರಿಂದ.

ಮೊದಲು ಥರ್ಮಾಮೀಟರ್ ಇಟ್ಟು ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರವೆಂದು ಲೆಕ್ಕ. ಆದರೆ ಔಷಧ ಕೊಡುವುದು ಮಗುವಿನ ನೋವು, ಸಂಕಟ ಕಡಿಮೆ ಮಾಡಲಿಕ್ಕೇ ಹೊರತು ಅಂಕಿಯನ್ನು ಇಳಿಸಲಿಕ್ಕಲ್ಲ. ಜ್ವರವಿದ್ದರೂ ಆಡಿಕೊಂಡು, ನೀರು ಕುಡಿದುಕೊಂಡು ಇರುವ ಮಗುವಿಗೆ ಔಷಧ ಅಗತ್ಯವಿಲ್ಲ, ನಿದ್ದೆ ಹೋದ ಮಗುವನ್ನು ಎಬ್ಬಿಸಿ ಕುಡಿಸುವುದಂತೂ ಬೇಡ. ಮೂರು ತಿಂಗಳು ತುಂಬದ ಶಿಶುವಿಗೆ ಜ್ವರ ಬಂದರೆ ಮನೆಮದ್ದಿಗೆ ಕೈಹಾಕದೆ ನೇರವಾಗಿ ವೈದ್ಯರ ಬಳಿ ಒಯ್ಯಬೇಕು. ಲಸಿಕೆ ಹಾಕಿಸಿದ ದಿನ ದಾದಿಯರು ಹೇಳಿ ಕೊಟ್ಟ ಪ್ರಮಾಣ ಮಾತ್ರ ಇದಕ್ಕೆ ಅಪವಾದ.

ಎರಡನೆಯದು, ತೂಕ. ಒಂದೇ ವಯಸ್ಸಿನ ಎರಡು ಮಕ್ಕಳ ತೂಕದಲ್ಲಿ ಮೂರು–ನಾಲ್ಕು ಕಿಲೋ ವ್ಯತ್ಯಾಸವಿರಬಹುದಾದ್ದರಿಂದ ಪ್ಯಾರಾಸಿಟಮಾಲನ್ನು ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಅಂಗನವಾಡಿಯಲ್ಲಿ ತೂಗಿ ತಾಯಿ ಕಾರ್ಡಿನಲ್ಲಿ ಬರೆದಿರುವ ಇತ್ತೀಚಿನ ಅಂಕಿಯೇ ಸಾಕು.

ಈಗ ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಪ್ರತಿ 1 ಮಿ.ಲೀ.ಗೆ 100 ಮಿಲಿಗ್ರಾಂ, ಚಿಕ್ಕ ಮಕ್ಕಳ ಸಿರಪ್‌ನಲ್ಲಿ ಪ್ರತಿ 5 ಮಿ.ಲೀ.ಗೆ 120 ಅಥವಾ 125, ದೊಡ್ಡ ಮಕ್ಕಳ ಸಿರಪ್‌ನಲ್ಲಿ ಪ್ರತಿ 5 ಮಿ.ಲೀ.ಗೆ 250 ಮಿಲಿಗ್ರಾಂ ಇರುತ್ತದೆ. ಹತ್ತು ಕಿಲೋ ತೂಗುವ ಮಗುವಿಗೆ 120 ಮಿಲಿಗ್ರಾಂ ಕೊಡಬೇಕೆಂದರೆ ಡ್ರಾಪ್ಸ್ ಆದರೆ 1.2 ಮಿ.ಲೀ., 120ರ ಸಿರಪ್ ಆದರೆ 5 ಮಿ.ಲೀ., 250ರದ್ದಾದರೆ ಸುಮಾರು 2.4 ಮಿ.ಲೀ. ‘ಕಳೆದ ಸಲ 5 ಎಂಎಲ್ ಕೊಟ್ಟಿದ್ದೆ’ ಎಂಬ ನೆನಪಿನ ಮೇಲೆ ಡ್ರಾಪ್ಸ್ ಬಾಟಲಿಯಿಂದ 5 ಮಿ.ಲೀ. ಸುರಿದರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ, ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. ಅಂಗಡಿಯವರು ‘ಅದೇ ಔಷಧ, ಬೇರೆ ಕಂಪನಿ’ ಎಂದು ಹೇಳಿ ಕೊಟ್ಟಾಗಲೂ ಈ ಲೆಕ್ಕವನ್ನು ಹೊಸದಾಗಿಯೇ ಮಾಡಬೇಕು.

ಬಾಟಲಿಯನ್ನು ಚೆನ್ನಾಗಿ ಕುಲುಕಿ, ಅದರ ಜೊತೆ ಬರುವ ಅಳತೆ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಅಡುಗೆಮನೆಯ ಚಮಚ ಮನೆಗೊಂದು ಗಾತ್ರವಾದ್ದರಿಂದ ಅದನ್ನು ನಂಬುವಂತಿಲ್ಲ. ಮಗುವನ್ನು ಕೂರಿಸಿಕೊಂಡು ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವೇ ಬಿಡಬೇಕು. ಮೂಗು ಹಿಡಿದು ಕುಡಿಸಿದರೆ ಔಷಧ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ಎರಡು ಸಲದ ನಡುವೆ ನಾಲ್ಕರಿಂದ ಆರು ಗಂಟೆಯ ಅಂತರವಿರಲಿ, 24 ಗಂಟೆಯಲ್ಲಿ ನಾಲ್ಕು ಸಲ ಮೀರದಿರಲಿ. ಅಮ್ಮ ಕೊಟ್ಟದ್ದು ತಿಳಿಯದೆ ಅಜ್ಜಿಯೂ ಕೊಡುವುದು ಕೂಡುಮನೆಗಳಲ್ಲಿ ಅಪರೂಪವೇನಲ್ಲ. ಕೊಟ್ಟ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟರೆ ಗೊಂದಲವಿರುವುದಿಲ್ಲ. ನೆಗಡಿಯ ಸಿರಪ್‌ಗಳಲ್ಲಿಯೂ ಅನೇಕ ವೇಳೆ ಪ್ಯಾರಾಸಿಟಮಾಲ್ ಸೇರಿರುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಕೊಡಬಾರದು.

ಜ್ವರ–ನೋವಿಗೆ ಸಿಗುವ ಬೇರೆ ಔಷಧಗಳಾದ ಐಬುಪ್ರೊಫೆನ್ ಮತ್ತು ಮೆಫೆನಾಮಿಕ್ ಆಸಿಡ್ ಇರುವ ಸಿರಪ್‌ಗಳನ್ನು ವೈದ್ಯರು ಹೇಳದೆ ಕೊಡದಿರುವುದು ಒಳ್ಳೆಯದು, ಅದರಲ್ಲೂ ಡೆಂಗಿ ಹರಡಿರುವ ಮಳೆಗಾಲದಲ್ಲಿ, ಏಕೆಂದರೆ ಇವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ವಾಂತಿ–ಭೇದಿಯಿಂದ ನಿತ್ರಾಣಗೊಂಡ ಮಗುವಿನ ಮೂತ್ರಪಿಂಡಕ್ಕೂ ಹಾನಿ ಮಾಡಬಹುದು. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಇಂಥದ್ದೇ ಇನ್ನೊಂದು ಔಷಧವಾದ ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ.

ಜ್ವರ ಮೂರು ದಿನ ದಾಟಿದರೆ, ಮಗು ಹಾಲು–ನೀರು ಕುಡಿಯದಿದ್ದರೆ, ಮಂಕಾಗಿದ್ದರೆ, ಫಿಟ್ಸ್ ಬಂದರೆ, ಉಸಿರಾಟ ವೇಗವಾದರೆ, ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ಹೋಗಬೇಕು. ಔಷಧ ಹೆಚ್ಚಾಗಿ ಹೋಗಿದೆ ಎಂದು ಅನುಮಾನ ಬಂದರೆ ವಾಂತಿ ಮಾಡಿಸಲು ಯತ್ನಿಸಬೇಡಿ, ಲಕ್ಷಣಕ್ಕಾಗಿಯೂ ಕಾಯಬೇಡಿ. ಮೊದಲ ದಿನ ಮಗು ಚೆನ್ನಾಗಿಯೇ ಕಾಣಬಹುದು, ಆದರೆ ಇದಕ್ಕಿರುವ ಪ್ರತಿವಿಷ ಮೊದಲ ಎಂಟು ಗಂಟೆಯೊಳಗೆ ಸಿಕ್ಕರೆ ಅತ್ಯಂತ ಪರಿಣಾಮಕಾರಿ. ಹೊರಡುವಾಗ ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಎಷ್ಟು ಮಿಲಿಗ್ರಾಂ ಹೋಗಿದೆಯೆಂಬುದನ್ನು ವೈದ್ಯರು ಅದನ್ನು ನೋಡಿಯೇ ಲೆಕ್ಕ ಹಾಕಬೇಕು.