ಶಿಫಾರಸು ಪತ್ರಕ್ಕಾಗಿ ಗುರುಗಳನ್ನು ಆರಿಸಿಕೊಂಡ ಬಗೆ: ನನ್ನ ಅನುಭವ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ಓದಿ, ಇಲ್ಲಿಯೇ ಕೆಲವು ಕಾಲ ಕೆಲಸ ಮಾಡಿ, ಆಮೇಲೆ ಜಲಸಂಪನ್ಮೂಲ ವಿಷಯದ ಸ್ನಾತಕೋತ್ತರ ಪದವಿಗಾಗಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ನಾನು ಅರ್ಜಿ ಹಾಕಿದೆ. ಅಲ್ಲಿ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರಗಳನ್ನು ಕೇಳುತ್ತಾರೆ. ಅರ್ಜಿಯ ಉಳಿದ ಭಾಗಗಳನ್ನೆಲ್ಲ ನಾವೇ ಸಿದ್ಧಪಡಿಸಿ ಕಳಿಸುತ್ತೇವೆ. ಈ ಪತ್ರಗಳನ್ನು ಮಾತ್ರ ಬೇರೆಯವರು ನಮ್ಮ ಕುರಿತು, ನಮ್ಮ ಕಣ್ಣಿಗೆ ಬೀಳದಂತೆ ಬರೆದು ಕಳಿಸುತ್ತಾರೆ. ಹಾಗಾಗಿ ಯಾರನ್ನು ಕೇಳುವುದು ಎಂಬುದನ್ನು ನಾನು ಬಹಳ ಯೋಚಿಸಿಯೇ ತೀರ್ಮಾನಿಸಿದೆ.

ಮನೆಯಲ್ಲಿ ಎಲ್ಲರ ಸಲಹೆ ಒಂದೇ ಆಗಿತ್ತು. "ಪ್ರಿನ್ಸಿಪಾಲರ ಹತ್ರ ಒಂದು, ಎಚ್‌ಒಡಿ ಹತ್ರ ಒಂದು ಬರೆಸ್ಕೊಳಮ್ಮ, ಸೀಲಿಗೆ ತೂಕ ಇರುತ್ತೆ" ಎಂದು ಚಿಕ್ಕಪ್ಪ ಹೇಳಿದರು. ನೌಕರಿಯ ವಿಷಯವಾಗಿದ್ದರೆ ಆ ಮಾತು ಸರಿಯಿದ್ದೀತು. ಆದರೆ ಪ್ರಾಂಶುಪಾಲರು ನನಗೆ ಒಂದು ತರಗತಿಯನ್ನೂ ತೆಗೆದುಕೊಂಡಿರಲಿಲ್ಲ. ವಿಶ್ವವಿದ್ಯಾಲಯದ ನಮೂನೆಯು ಮೊದಲಿಗೇ ಕೇಳುವುದು, ಈ ಅಭ್ಯರ್ಥಿ ನಿಮಗೆ ಎಷ್ಟು ಕಾಲದಿಂದ, ಯಾವ ನೆಲೆಯಲ್ಲಿ ಪರಿಚಯ ಎಂದು. ನೀವು ಪಾಠ ಹೇಳಿದವರ ಪೈಕಿ ಈಕೆ ಮೇಲಿನ ಶೇಕಡ 5ರಲ್ಲಿ ಬರುತ್ತಾಳೋ, 10ರಲ್ಲೋ ಎಂದೂ ಅನೇಕ ಕಡೆ ಕೇಳುತ್ತಾರೆ. ಕಚೇರಿಯಲ್ಲಿ ಒಮ್ಮೆ ಎದುರಾದ ವಿದ್ಯಾರ್ಥಿನಿಯ ಬಗ್ಗೆ ಯಾರಾದರೂ ಇದಕ್ಕೆ ಪ್ರಾಮಾಣಿಕವಾಗಿ ಏನೆಂದು ಉತ್ತರಿಸಬೇಕು?

ನಮ್ಮಂಥ ಕಾಲೇಜುಗಳ ವಿಷಯದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಲ್ಲಿ ಸೆಮಿಸ್ಟರ್ ಪರೀಕ್ಷೆಯ ಉತ್ತರ ಪತ್ರಿಕೆಗಳ ಮೌಲ್ಯಮಾಪನ ಹೊರಗಡೆ, ಹೆಸರು ತಿಳಿಯದ ಹಾಗೆ ನಡೆಯುತ್ತದೆ. ನಮ್ಮ ಗುರುಗಳು ನಮ್ಮನ್ನು ನಿಜವಾಗಿ ನೋಡುವುದು ಇಂಟರ್ನಲ್ಸ್, ಲ್ಯಾಬ್, ಸೆಮಿನಾರ್, ಸರ್ವೆ ಕ್ಯಾಂಪ್ ಮತ್ತು ಪ್ರಾಜೆಕ್ಟುಗಳಲ್ಲಿ. ಅಂಕಪಟ್ಟಿಯಲ್ಲಿ ಕಾಣದಿರುವುದು ಇರುವುದೂ ಅಲ್ಲಿಯೇ. ನಾನು ಹೆಸರುಗಳನ್ನು ಬದಿಗಿಟ್ಟು, ನಾಲ್ಕು ವರ್ಷಗಳಲ್ಲಿ ಮನಸ್ಸಿಟ್ಟು ಮಾಡಿದ ಕೆಲಸಗಳನ್ನು ಮೊದಲು ಬರೆದುಕೊಂಡು, ಪ್ರತಿಯೊಂದರ ಎದುರಿಗೂ ಅದನ್ನು ಹತ್ತಿರದಿಂದ ಕಂಡವರು ಯಾರು ಎಂದು ಗುರುತು ಹಾಕಿದೆ. ಆಯ್ಕೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಮೊದಲನೆಯವರು ಪ್ರಾಜೆಕ್ಟ್ ಗೈಡ್. ಭದ್ರಾ ಬಲದಂಡೆ ನಾಲೆಯ ಕೊನೆಭಾಗದ ಗದ್ದೆಗಳಿಗೆ ನೀರು ಏಕೆ ಸಾಲದು ಎಂಬುದು ನಮ್ಮ ವಿಷಯವಾಗಿತ್ತು. ಉಪನಾಲೆಯೊಂದರಲ್ಲಿ ಕರೆಂಟ್ ಮೀಟರ್ (ನೀರು ಹರಿಯುವ ವೇಗವನ್ನು ಅಳೆಯುವ ಉಪಕರಣ) ಇಟ್ಟು ಹರಿವನ್ನು ಅಳೆದದ್ದನ್ನೂ, ಅಂಕಿಗಳನ್ನು ನಾನು ಬಿಡಿಸಿದ ರೀತಿಯನ್ನೂ ಅವರು ವರ್ಷವಿಡೀ ನೋಡಿದ್ದರು. ಎರಡನೆಯವರ ಬಗ್ಗೆ ಅನೇಕರು ಆಕ್ಷೇಪಿಸಿದರು, ಏಕೆಂದರೆ ಅವರು ಇನ್ನೂ ಪಿಎಚ್‌ಡಿ ಮುಗಿಸದ, ವಯಸ್ಸಿನಲ್ಲಿ ಚಿಕ್ಕವರಾದ ಸಹಾಯಕ ಪ್ರಾಧ್ಯಾಪಕಿ. ಆದರೆ ಜಗಳೂರು ತಾಲ್ಲೂಕಿನ ಹಳೆಯ ಕೆರೆಯೊಂದರ ಸರ್ವೆ ಕ್ಯಾಂಪಿನಲ್ಲಿ ನಮ್ಮೊಂದಿಗೆ ಬಿಸಿಲಲ್ಲಿ ನಿಂತಿದ್ದವರು ಅವರೇ. ಏರಿಯ ಮೇಲೆ ಲೆವೆಲ್ (ನೆಲದ ಎತ್ತರದ ಅಳತೆ) ತೆಗೆದು ಕೋಡಿಯ ತನಕ ಹೋಗಿ, ಎತ್ತರ ಮೊದಲೇ ಗೊತ್ತಿರುವ ಗುರುತಾದ ಬೆಂಚ್ ಮಾರ್ಕಿಗೆ ಹಿಂತಿರುಗಿದಾಗ ಲೆಕ್ಕ ಕೂಡಲಿಲ್ಲ. ವ್ಯತ್ಯಾಸವನ್ನು ಹಂಚಿ ಸರಿಮಾಡೋಣ ಎಂದು ತಂಡದವರು ಹೇಳಿದರೂ, ನಾನು ಒಪ್ಪದೆ ಇಡೀ ಸಾಲನ್ನು ಮತ್ತೊಮ್ಮೆ ತೆಗೆಸಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಸಂಶೋಧನೆಗೆ ವಿದ್ಯಾರ್ಥಿಯನ್ನು ಹುಡುಕುವ ಪ್ರಾಧ್ಯಾಪಕರಿಗೆ ಇಂಥ ಒಂದು ಘಟನೆ "ಶ್ರಮಜೀವಿ, ಶಿಸ್ತಿನ ಹುಡುಗಿ" ಎಂಬ ಹತ್ತು ವಿಶೇಷಣಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಮೂರನೆಯ ಪತ್ರ ನಾನು ಕೆಲಸ ಮಾಡಿದ ಕಚೇರಿಯ ಹಿರಿಯ ಎಂಜಿನಿಯರರದು.

ಕೇಳುವಾಗ ನಾನು ನೇರವಾಗಿ "ಪತ್ರ ಕೊಡಿ" ಎನ್ನಲಿಲ್ಲ. "ಸರ್, ನನ್ನ ಕೆಲಸ ನೆನಪಿಟ್ಟು ವಿವರವಾಗಿ ಬರೆಯೋಕೆ ಆಗುತ್ತಾ? ಆಗದಿದ್ದರೂ ದಯವಿಟ್ಟು ಹೇಳಿ, ಬೇಜಾರಿಲ್ಲ" ಎಂದು ಕೇಳಿದೆ. ಹಿರಿಯರಾದ ಪ್ರಾಧ್ಯಾಪಕರೊಬ್ಬರು, "ನಿನ್ನ ಮಾರ್ಕ್ಸ್ ಬಿಟ್ಟರೆ ನನಗೇನೂ ನೆನಪಿಲ್ಲಮ್ಮ, ಬೇರೆಯವರನ್ನ ಕೇಳು" ಎಂದರು. ಆ ಪ್ರಾಮಾಣಿಕತೆಗೆ ನಾನು ಇಂದಿಗೂ ಕೃತಜ್ಞಳು. ಒಲ್ಲದ ಮನಸ್ಸಿನಿಂದ ಬರೆದ ನಾಲ್ಕು ಸಾಲಿಗಿಂತ ಆ ನಿರಾಕರಣೆಯಿಂದ ನನಗೆ ಉಪಕಾರವಾಯಿತು.

ನಮ್ಮಲ್ಲಿ ಬಹುಕಾಲದಿಂದ ಬಂದ ಪದ್ಧತಿಯೆಂದರೆ, "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಎನ್ನುವುದು. ನನ್ನ ಗೈಡ್ ಕೂಡ ಹಾಗೆಯೇ ಹೇಳಿದರು. ಅದರಲ್ಲಿ ಅಸಡ್ಡೆ ಇರಲಿಲ್ಲ. ತಮ್ಮ ಇಂಗ್ಲಿಷ್ ಅಮೆರಿಕದವರಿಗೆ ಸಾಲದೇನೋ ಎಂಬ ಸಂಕೋಚವಿತ್ತು. ವಿದ್ಯಾರ್ಥಿಯೊಬ್ಬಳೇ ಮೂರೂ ಪತ್ರಗಳನ್ನು ಬರೆದರೆ ಮೂರೂ ಒಂದೇ ದನಿಯಲ್ಲಿರುತ್ತವೆ, ನೂರಾರು ಪತ್ರ ಓದುವವರಿಗೆ ಅದು ತಿಳಿಯದಿರದು. ಅದಕ್ಕಿಂತ ಮುಖ್ಯವಾಗಿ, ಅವರ ಹೆಸರಿನಲ್ಲಿ ನನ್ನನ್ನು ನಾನೇ ಹೊಗಳಿಕೊಳ್ಳುವುದು ಸತ್ಯವಲ್ಲ. ಹೀಗಾಗಿ ಮಾಡಿದ ಕೆಲಸ, ಬಳಸಿದ ಉಪಕರಣ, ಬಂದ ಫಲಿತಾಂಶ ಇಷ್ಟನ್ನೇ ಟಿಪ್ಪಣಿ ಮಾಡಿ, ಅಂಕಪಟ್ಟಿಯ ಪ್ರತಿ, ಏಕೆ ಓದಬಯಸುತ್ತೇನೆಂದು ವಿವರಿಸುವ ಉದ್ದೇಶ ಪತ್ರದ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಕರಡು ಮತ್ತು ಕೊನೆಯ ದಿನಾಂಕಗಳ ಪಟ್ಟಿಯೊಂದಿಗೆ ಕೊಟ್ಟೆ. ಹೊಗಳಿಕೆಯ ಒಂದು ಪದವನ್ನೂ ಅದರಲ್ಲಿ ಸೇರಿಸಲಿಲ್ಲ. ಸರಳ ಇಂಗ್ಲಿಷ್ ಸಾಕು, ಘಟನೆ ನಿಮ್ಮದೇ ಮಾತಿನಲ್ಲಿರಲಿ ಎಂದು ಕೇಳಿಕೊಂಡೆ.

ಕಾಲದ ವಿಷಯದಲ್ಲಿ ನಾನು ಬಹಳ ಎಚ್ಚರ ವಹಿಸಿದೆ. ಅಲ್ಲಿನ ಅನೇಕ ವಿಭಾಗಗಳ ಗಡುವು ಡಿಸೆಂಬರ್ 1 ಅಥವಾ 15ಕ್ಕೆ ಬೀಳುತ್ತದೆ; ಇಲ್ಲಿ ಅದೇ ಹೊತ್ತಿಗೆ ಪ್ರಾಕ್ಟಿಕಲ್ ಪರೀಕ್ಷೆ, ವ್ಯಾಲ್ಯೂವೇಷನ್ ಎಂದು ಗುರುಗಳಿಗೆ ಬಿಡುವಿರುವುದಿಲ್ಲ. ಆದ್ದರಿಂದ ಗಣೇಶನ ಹಬ್ಬಕ್ಕೆ ಮುಂಚೆಯೇ ಕೇಳಿದ್ದೆ. ಪ್ರತಿ ವಿಶ್ವವಿದ್ಯಾಲಯವೂ ಗುರುಗಳಿಗೆ ಪ್ರತ್ಯೇಕ ಲಿಂಕ್ ಕಳಿಸುವುದರಿಂದ, ಅದು ಸ್ಪ್ಯಾಮಿಗೆ ಬಿದ್ದಿದೆಯೇ ನೋಡಿ ಎಂದು ಮೊದಲೇ ತಿಳಿಸಿದೆ. ಗುರುಗಳ ಸ್ವಂತ ಜಿಮೇಲ್ ಬದಲು ಅವರ ಕಾಲೇಜಿನ ಇಮೇಲ್ ವಿಳಾಸ ಕೊಡುವುದು ಒಳ್ಳೆಯದು. ಬಹುಕಾಲ ತೆರೆಯದೆ ಬಿಟ್ಟಿದ್ದ ಖಾತೆಯ ಪಾಸ್‌ವರ್ಡನ್ನು ಸಹಾಯಕ ಪ್ರಾಧ್ಯಾಪಕಿ ನನಗಾಗಿಯೇ ಹೊಸದಾಗಿ ಮಾಡಿಸಿಕೊಂಡರು.

ಅರ್ಜಿಯಲ್ಲಿ, ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುವಿರಾ ಎಂಬ ಪ್ರಶ್ನೆ ಬರುತ್ತದೆ. ವಿದ್ಯಾರ್ಥಿಗೆ ತನ್ನ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕು ಕೊಡುವ 1974ರ ಅಮೆರಿಕದ ಕಾನೂನಿನಿಂದ ಬಂದ ಪ್ರಶ್ನೆ ಅದು. ನಾನು ಬಿಟ್ಟುಕೊಟ್ಟೆ. ವಿದ್ಯಾರ್ಥಿ ಓದುವುದಿಲ್ಲ ಎಂದು ಗೊತ್ತಿದ್ದು ಬರೆದ ಪತ್ರಕ್ಕೇ ಓದುವವರು ಹೆಚ್ಚು ಬೆಲೆ ಕೊಡುತ್ತಾರೆ. ಮೂವರೂ ಏನು ಬರೆದರೆಂದು ಇಂದಿಗೂ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಒಪ್ಪಿಗೆಯ ಸುದ್ದಿ ಬಂದಾಗ ಮಾತ್ರವಲ್ಲ, ನಿರಾಕರಣೆ ಬಂದಾಗಲೂ ಅವರಿಗೆ ಅಂದೇ ತಿಳಿಸಿದೆ. ವಿದ್ಯಾರ್ಥಿವೇತನದ ಅರ್ಜಿಗೆ ಮತ್ತೆ ಪತ್ರ ಬೇಕಾದಾಗ ಗೈಡ್ ಹಿಂದಿನ ಟಿಪ್ಪಣಿಯನ್ನೇ ಮುಂದಿಟ್ಟುಕೊಂಡು ಆ ವಾರದಲ್ಲೇ ಬರೆದುಕೊಟ್ಟರು.